ಮೊದಲ ಹಿಂಜರಿಕೆ, ಕೊನೆಯ ಖಚಿತತೆ

1992ರ ಬೇಸಿಗೆ. ಬಯಲುಸೀಮೆಯ ತಾಲ್ಲೂಕೊಂದರಲ್ಲಿ ತಹಶೀಲ್ದಾರನಾಗಿದ್ದ ನಾನು ತಾಲ್ಲೂಕು ದಂಡಾಧಿಕಾರಿಯ ಹೊಣೆಯಿಂದಾಗಿ ಒಂದು ಗುರುತು ಪತ್ತೆ ಪರೇಡ್ ನಡೆಸಬೇಕಾಯಿತು. ಕಾರಾಗೃಹದ ಅಂಗಳದಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ಎಂಟು ಮಂದಿಯನ್ನು ಸಾಲಾಗಿ ನಿಲ್ಲಿಸಲಾಗಿತ್ತು. ಅವರಲ್ಲೊಬ್ಬ, ರಾತ್ರಿ ವೇಳೆ ರಸ್ತೆಯಲ್ಲಿ ನಡೆದ ಸುಲಿಗೆಯೊಂದರ ಆರೋಪಿ. ಹಣ ಕಳೆದುಕೊಂಡಿದ್ದ ವ್ಯಾಪಾರಿ ಸಾಲಿನ ಮುಂದೆ ನಡೆದು ಬಂದು ಒಬ್ಬನ ಭುಜ ಮುಟ್ಟಿದರು. ಆತನೇ ಆರೋಪಿ. ನಾನು ‘ಸರಿ’ ಎಂದೆ. ಪಂಚರು ಸಹಿ ಹಾಕಿದರು. ಸಾಕ್ಷಿದಾರರು ಯಾವ ಸಂದೇಹವೂ ಇಲ್ಲದೆ ಗುರುತಿಸಿದರೆಂದು ನಡವಳಿಯಲ್ಲಿ ಬರೆದೆ. ಕೆಲವೇ ವಾರಗಳಲ್ಲಿ ನನಗೆ ವರ್ಗವಾಯಿತು.

ಅಂದು ನಾನು ಆಡಿದ ‘ಸರಿ’ ಎಂಬ ಒಂದು ಮಾತು ನಿವೃತ್ತಿಯ ನಂತರ ನನ್ನನ್ನು ಕಾಡತೊಡಗಿದೆ. ಸ್ಮೃತಿಯ ಬಗೆಗಿನ ಮನೋವೈಜ್ಞಾನಿಕ ಸಂಶೋಧನೆಗಳನ್ನು ಕುತೂಹಲದಿಂದ ಓದಲಾರಂಭಿಸಿದ್ದೇ ಇದಕ್ಕೆ ಕಾರಣ.

ಕಡತಗಳ ನಡುವೆ ಬದುಕು ಸವೆಸಿದವರಿಗೆ ನೆನಪೆಂದರೆ ದಾಖಲೆ ಕೊಠಡಿ. ಕಟ್ಟು ಬಿಚ್ಚಿದಾಗ ಹಾಳೆ ಹಳದಿಯಾಗಿರಬಹುದು, ಗೆದ್ದಲು ತಿಂದಿರಬಹುದು. ಆದರೆ ಬರೆದ ಅಕ್ಷರ ತಾನಾಗಿ ಬದಲಾಗುವುದಿಲ್ಲ. ಈ ಕಲ್ಪನೆಯನ್ನು ಕೇಂಬ್ರಿಜ್‌ನ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಅಲುಗಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ, ಸಮಯ ಬಿಟ್ಟು ಬಿಟ್ಟು ಅದನ್ನು ಮರಳಿ ಹೇಳಿಸಿದಾಗ, ಇಂಗ್ಲಿಷ್ ಓದುಗರು ಅರ್ಥವಾಗದ ಭಾಗಗಳನ್ನು ಕೈಬಿಟ್ಟಿದ್ದರು. ಅಪರಿಚಿತ ಸಂಗತಿಗಳ ಜಾಗದಲ್ಲಿ ತಮಗೆ ಪರಿಚಿತವಾದವು ಬಂದಿದ್ದವು. ಸೀಲ್ ಬೇಟೆ ಮೀನುಗಾರಿಕೆಯಾಗಿತ್ತು. ಅವರು ಸುಳ್ಳಾಡುತ್ತಿರಲಿಲ್ಲ, ನೆನೆಯುವಾಗಲೆಲ್ಲ ಕಥೆಯನ್ನು ಹೊಸದಾಗಿ ಕಟ್ಟುತ್ತಿದ್ದರು.

ಈ ಕಟ್ಟುವಿಕೆಯಲ್ಲಿ ಪ್ರಶ್ನೆ ಕೇಳುವವನ ಪಾತ್ರವೂ ಇದೆಯೆಂದು ತೋರಿಸಿದವರು ಅಮೆರಿಕದ ಎಲಿಜಬೆತ್ ಲಾಫ್ಟಸ್. 1974ರಲ್ಲಿ ಜಾನ್ ಪಾಮರ್ ಜೊತೆಗೂಡಿ ಅವರು ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿತ್ರಗಳನ್ನು ತೋರಿಸಿ ಕಾರುಗಳ ವೇಗ ಕೇಳಿದರು. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ಎಂದು ಕೇಳಿದವರಿಗೆ ಬಂದ ಸರಾಸರಿ ಉತ್ತರ ಗಂಟೆಗೆ 31.8 ಮೈಲಿ, ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ 40 ಮೈಲಿಗೂ ಹೆಚ್ಚು. ಮತ್ತೊಂದು ಪ್ರಯೋಗದಲ್ಲಿ ವಾರದ ಬಳಿಕ, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಲಾಯಿತು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ‘ಅಪ್ಪಳಿಸಿದ’ ಗುಂಪಿನ 50 ಮಂದಿಯಲ್ಲಿ 16 ಜನ ಕಂಡೆವೆಂದರು. ‘ಗುದ್ದಿದಾಗ’ ಎಂದು ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ ಹಾಗೆಂದವರು 7. ಒಂದೇ ಒಂದು ಕ್ರಿಯಾಪದದ ವ್ಯತ್ಯಾಸ ಇಷ್ಟನ್ನು ಮಾಡಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಅಷ್ಟೇನೂ ಅಚ್ಚರಿ ತರಬಾರದಿತ್ತು. 1999–2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆಹಾರದ ಖರ್ಚನ್ನು ಕಳೆದ 7 ದಿನಗಳಿಗೂ 30 ದಿನಗಳಿಗೂ ಅಕ್ಕಪಕ್ಕದಲ್ಲೇ ಕೇಳಲಾಗಿತ್ತು. ಒಂದು ಉತ್ತರ ಇನ್ನೊಂದನ್ನು ಎಳೆದುಕೊಂಡಿತೆಂಬ ಆಕ್ಷೇಪ ಎದ್ದು, ಬಡತನ ಶೇ 26ಕ್ಕೆ ಇಳಿಯಿತೆಂಬ ಅಂದಿನ ಅಂದಾಜೇ ವರ್ಷಗಟ್ಟಲೆ ವಿವಾದಕ್ಕೊಳಗಾಯಿತು. ಆ ಜಗಳವನ್ನು ನಾವು ಅಂಕಿಅಂಶದ ಜಗಳವೆಂದೇ ಭಾವಿಸಿದ್ದೆವು.

ಆದರೆ ನ್ಯಾಯಾಲಯದಲ್ಲಿ ನೆನಪಿನ ತಪ್ಪಿಗೆ ತೆರಬೇಕಾದ ಬೆಲೆಯೇ ಬೇರೆ. 1984ರಲ್ಲಿ ನಾರ್ತ್ ಕರೋಲಿನಾದ ಬರ್ಲಿಂಗ್ಟನ್‌ನಲ್ಲಿ ಜೆನಿಫರ್ ಥಾಂಪ್ಸನ್ ಎಂಬ ಕಾಲೇಜು ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಯಿತು. ಬದುಕುಳಿದರೆ ಇವನನ್ನು ಬಿಡಬಾರದೆಂದು ಆಕೆ ಆ ಮುಖದ ಒಂದೊಂದು ವಿವರವನ್ನೂ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಲು ಯತ್ನಿಸಿದ್ದರು. ಪೊಲೀಸರು ಫೋಟೊಗಳನ್ನು ಮುಂದಿಟ್ಟಾಗ ಹಲವು ನಿಮಿಷ ತೂಗಿ ನೋಡಿ ರೊನಾಲ್ಡ್ ಕಾಟನ್ ಎಂಬಾತನ ಚಿತ್ರವನ್ನು ಆರಿಸಿದರು. ಚೆನ್ನಾಗಿ ಗುರುತಿಸಿದಿರಿ ಎಂಬ ಭರವಸೆ ಅವರಿಗೆ ದೊರೆಯಿತು. ಮುಂದೆ ಸಾಲಿನಲ್ಲಿ ನಿಲ್ಲಿಸಿದವರ ಪೈಕಿ ಅದೇ ಕಾಟನ್‌ನನ್ನು ತೋರಿಸಿದರು. ಫೋಟೊದಲ್ಲಿ ಆರಿಸಿದ್ದೂ ಅವನನ್ನೇ ಎಂದು ತಿಳಿಸಲಾಯಿತು. 1985ರ ವಿಚಾರಣೆಯ ಹೊತ್ತಿಗೆ ಅವರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನೇ ಎದುರಿಗೆ ತಂದು ನಿಲ್ಲಿಸಿದಾಗಲೂ, ಈತನನ್ನು ತಾನು ಕಂಡೇ ಇಲ್ಲವೆಂದರು. ಅಷ್ಟರಲ್ಲಿ ಅವರ ನೆನಪಿನಲ್ಲಿ ಆ ರಾತ್ರಿಯ ಮುಖದ ಜಾಗವನ್ನು ಕಾಟನ್‌ನ ಮುಖ ಆಕ್ರಮಿಸಿಕೊಂಡಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಸತ್ಯವನ್ನು ಹೊರಗೆಡಹಿತು. ಕಾಟನ್ ಸೆರೆಯಿಂದ ಹೊರಬಂದಾಗ ಹತ್ತು ವರ್ಷಗಳಿಗೂ ಮಿಕ್ಕು ಕಳೆದಿದ್ದವು. 2009ರಲ್ಲಿ ಇಬ್ಬರೂ ಸೇರಿ ಒಂದು ಪುಸ್ತಕವನ್ನು ಬರೆದರೆಂಬುದು ಮನುಷ್ಯ ಸ್ವಭಾವದ ಇನ್ನೊಂದು ಮುಖ.

‘ಸರಿ’ ಎಂಬ ಮಾತಿಗೆ ಬರುತ್ತೇನೆ. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ ಒಂದು ಪ್ರಯೋಗ ನಡೆಸಿದರು. ವಿಡಿಯೊದಲ್ಲಿ ಕಂಡಿದ್ದ ವ್ಯಕ್ತಿಯ ಫೋಟೊವೇ ಇಲ್ಲದ ಒಂದು ಗುಂಪಿನಿಂದ ಜನ ಯಾರನ್ನೋ ತಪ್ಪಾಗಿ ಆರಿಸಿದ್ದರು. ಶಂಕಿತನನ್ನೇ ಗುರುತಿಸಿದಿರಿ ಎಂದು ಕೆಲವರಿಗೆ ಹೇಳಲಾಯಿತು. ಹಾಗೆ ಹೇಳಿಸಿಕೊಂಡವರ ಆತ್ಮವಿಶ್ವಾಸ ಏರಿತು. ಅಷ್ಟೇ ಅಲ್ಲ, ಆ ವ್ಯಕ್ತಿಯನ್ನು ತಾವು ಮೊದಲೇ ಸ್ಪಷ್ಟವಾಗಿ ಕಂಡಿದ್ದೆವು, ಗಮನವಿಟ್ಟು ನೋಡಿದ್ದೆವು ಎಂದೂ ಅವರು ‘ನೆನಪಿಸಿಕೊಂಡರು’. ಹಾಗೆಂದು ಸಾಕ್ಷಿಯ ನೆನಪೆಲ್ಲ ನಿರುಪಯುಕ್ತವಲ್ಲ. ಸರಿಯಾದ ಕ್ರಮದಲ್ಲಿ ನಡೆಸಿದ ಮೊದಲ ಪರೀಕ್ಷೆಯಲ್ಲಿ ಸಾಕ್ಷಿ ವ್ಯಕ್ತಪಡಿಸುವ ಖಚಿತತೆ ನಂಬಲರ್ಹ ಸೂಚನೆಯೆಂದು ಜಾನ್ ವಿಕ್ಸ್‌ಟೆಡ್ ಹಾಗೂ ವೆಲ್ಸ್ 2017ರಲ್ಲಿ ವಾದಿಸಿದರು. ಬೆಲೆಯಿರುವುದು ಆ ಮೊದಲ ಕ್ಷಣಕ್ಕೆ; ಕಟಕಟೆಯಲ್ಲಿ ಕೇಳಿಬರುವ ಖಚಿತತೆಗಲ್ಲ.

ನಮ್ಮ ಕಾನೂನು ಈ ತಕ್ಕಡಿಯನ್ನು ತಿರುವುಮುರುವಾಗಿ ಹಿಡಿದಿದೆಯೇನೋ ಎಂಬುದು ನನ್ನ ಶಂಕೆ. ಪರೇಡ್‌ನಲ್ಲಿ ಗುರುತಿಸಿದ್ದು ಕೇವಲ ಪೂರಕ ಸಾಕ್ಷ್ಯ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಗುರುತಿಸುವುದು ಮೂಲ ಸಾಕ್ಷ್ಯ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೂ ಈ ತತ್ತ್ವ ಹಾಗೆಯೇ ಮುಂದುವರಿದಿದೆ. ಅಪರಿಚಿತನನ್ನು ಮೊದಲ ಬಾರಿಗೆ ನ್ಯಾಯಾಲಯದಲ್ಲೇ ಗುರುತಿಸುವುದು ದುರ್ಬಲವೆಂದು ನ್ಯಾಯಮೂರ್ತಿಗಳು ಅನೇಕ ಬಾರಿ ಎಚ್ಚರಿಸಿದ್ದಾರೆ, ನಿಜ. ಆದರೆ ಮೊದಲ ಪರೀಕ್ಷೆಯ ದಾಖಲೆಯಲ್ಲಿ ಏನಿರುತ್ತದೆ? ನನ್ನಂಥ ಅಧಿಕಾರಿ ಬರೆದ ಒಂದು ಸಿದ್ಧವಾಕ್ಯ. ಸಾಕ್ಷಿ ಎಷ್ಟು ಹೊತ್ತು ತೆಗೆದುಕೊಂಡರು, ಎಲ್ಲಿ ನಿಂತರು, ಯಾವ ಮಾತು ಆಡಿದರು ಎಂಬುದನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳಲು ಕಾನೂನಿನ ತಿದ್ದುಪಡಿ ಬೇಕಿಲ್ಲ. ಇಂದು ಪ್ರತಿ ಕಚೇರಿಯಲ್ಲೂ ಇರುವ ಮೊಬೈಲ್ ಫೋನ್‌ನಲ್ಲಿ ಇಡೀ ಪರೇಡನ್ನು ಚಿತ್ರೀಕರಿಸಬಹುದು. ಸಾಲಿನಲ್ಲಿ ಆರೋಪಿ ಯಾರೆಂದು ಪರೇಡ್ ನಡೆಸುವ ಅಧಿಕಾರಿಗೇ ಗೊತ್ತಿರಬಾರದೆಂದು ವೆಲ್ಸ್ ದಶಕಗಳಿಂದ ಹೇಳುತ್ತಿದ್ದಾರೆ. ನನಗೆ ಗೊತ್ತಿತ್ತು. ನನ್ನ ಕಣ್ಣು ಎತ್ತ ಹೊರಳಿತ್ತೋ!

ಇನ್ನೊಂದನ್ನು ಹೇಳದಿದ್ದರೆ ಅಪ್ರಾಮಾಣಿಕವಾದೀತು. ಆ ವ್ಯಾಪಾರಿ ಮೊದಲ ಸಲ ಸಾಲಿನ ಕೊನೆಯವರೆಗೂ ಹೋಗಿ, ಅನುಮಾನದಿಂದಲೇ ಹಿಂದಿರುಗಿ ಬಂದು ಭುಜ ಮುಟ್ಟಿದರೆಂದು ಈಗ ನನಗೆ ಸ್ಪಷ್ಟವಾಗಿ ನೆನಪಾಗುತ್ತದೆ. ಆದರೆ ವೆಲ್ಸ್‌ರನ್ನು ಓದುವ ಮುನ್ನ ಈ ನೆನಪು ನನ್ನಲ್ಲಿ ಇತ್ತೇ? ಇತ್ತೆಂದು ಪ್ರಮಾಣ ಮಾಡಲಾರೆ. ಅಂದಿನ ಹಿಂಜರಿಕೆ ಈಗ ಮೇಲೆದ್ದು ಬಂದಿದೆಯೋ, ಪುಸ್ತಕಗಳೇ ಅದನ್ನು ಅಲ್ಲಿ ನೆಟ್ಟವೋ ನನಗೆ ತಿಳಿಯದು. ಆರೋಪಿಗೆ ಶಿಕ್ಷೆಯಾಯಿತೋ ಬಿಡುಗಡೆಯಾಯಿತೋ, ಅದನ್ನು ವಿಚಾರಿಸುವ ಗೋಜಿಗೂ ನಾನು ಹೋಗಿರಲಿಲ್ಲ. ಕಳೆದ ತಿಂಗಳು ಅಟ್ಟದಿಂದ ಆ ವರ್ಷದ ದಿನಚರಿಯನ್ನು ಇಳಿಸಿ, ಧೂಳು ಕೊಡವಿ ನೋಡಿದೆ. ಬೆಳಿಗ್ಗೆ ಕಾರಾಗೃಹ, ಪರೇಡ್. ಮಧ್ಯಾಹ್ನ ಕುಡಿಯುವ ನೀರಿನ ಸಭೆ ಎಂದಷ್ಟೇ ಬರೆದಿದ್ದೆ.