ಎಐ ಬರೆದ ಪಾವಗಡದಲ್ಲಿ ಕೂಲಿಯವರು ಯಾಕಿಲ್ಲ?

ಇವತ್ತಿನ ಎಪಿಸೋಡ್ ಎಐ ಬಗ್ಗೆ. ಅಯ್ಯೋ ಮತ್ತೆ ಎಐನಾ ಅನ್ಬೇಡಿ. ಕೆಲಸ ಹೋಗುತ್ತಾ, ಪ್ರಪಂಚ ಮುಳುಗುತ್ತಾ ಅನ್ನೋ ಚರ್ಚೆ ಇಲ್ಲಿಲ್ಲ. ನಮ್ಮ ಕಡೆಯ ಹುಡುಗ ಹುಡುಗಿಯರು ಎಐ ಟೂಲ್ ಇಟ್ಕೊಂಡು ತಮ್ಮೂರಿನ ಮೇಲೆ ವಿಡಿಯೋ ಮಾಡಿದ್ರೆ ಏನು ಬರುತ್ತೆ, ಆಮೇಲೆ ಅದನ್ನ ಅವರೇ ಕೂತು ಜಾಲಾಡಿದ್ರೆ ಏನು ಸಿಗುತ್ತೆ, ಅಷ್ಟೇ ವಿಷಯ.

ಪಟ್ಟನಾಯಕನಹಳ್ಳಿಯಲ್ಲಿ ಆರು ಜನ ಡಿಗ್ರಿ ಸ್ಟೂಡೆಂಟ್ಸ್ ಸೇರಿದ್ರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನೋರು ಇದ್ರು. ಎಲ್ಲರ ಹತ್ರ ಇದ್ದದ್ದು ಫೋನು ಮಾತ್ರ, ಬಳಸಿದ್ದು ಫ್ರೀ ಟೂಲುಗಳು. ತಲಾ ಎರಡು ನಿಮಿಷದ ವಿಡಿಯೋ. ಸ್ಕ್ರಿಪ್ಟ್, ಚಿತ್ರ, ಧ್ವನಿ ಮೂರನ್ನೂ ಎಐ ಕೈಲೇ ಮಾಡಿಸಬೇಕು. ನಾನು ಒಂದೇ ಷರತ್ತು ಹಾಕಿದ್ದೆ. ಬಿ.ಕಾಂ. ಓದಿದವನು ನಾನು, ನಮಗೆ ಮೊದಲ ವರ್ಷವೇ ತಲೆಗೆ ತುಂಬ್ತಾರೆ: ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು. ಹತ್ತು ರೂಪಾಯಿ ಟೀ ಖರ್ಚಾದ್ರೂ ಚೀಟಿ ಬೇಕು. ಹಾಗೇ ವಿಡಿಯೋದ ಒಂದೊಂದು ಸಾಲಿಗೂ, ಒಂದೊಂದು ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ವೋಚರ್: ಇದು ನಿಜ ಅಂತ ನಿನಗೆ ಹೇಗೆ ಗೊತ್ತು?

ವಿಡಿಯೋ ಒಂದೇ ಸಂಜೆಯಲ್ಲಿ ಮುಗೀತು. ನೋಟ್‌ಬುಕ್ ಮುಗಿಯೋಕೆ ಮೂರು ವಾರ ಹಿಡೀತು.

ಮಧುಗಿರಿ ಹುಡುಗನದು ಬೇಗ ಮುಗಿಯೋ ಕಥೆ. ಮಧುಗಿರಿ ಬೆಟ್ಟ ಗೊತ್ತಲ್ಲ, ಸುಮಾರು 3,930 ಅಡಿ ಎತ್ತರದ ಏಕಶಿಲೆ, ಬೋಳು ಬಂಡೆ, ಮೈಮೇಲೆ ಕೋಟೆ. ಟೂಲ್ ಕೊಟ್ಟಿದ್ದು ಮಂಜು ಸುತ್ತಿದ ಹಸಿರು ಬೆಟ್ಟ, ಪಕ್ಕದಲ್ಲಿ ಜಲಪಾತ. ಚಿಕ್ಕಮಗಳೂರಿನ ಟೂರಿಸ್ಟ್ ಪೋಸ್ಟರ್ ಥರ. ಬೇಸಿಗೆಯಲ್ಲಿ ಆ ಬಂಡೆ ಹತ್ತಿದೋರಿಗೆ ಜಲಪಾತ ನೋಡಿ ನಗು ಬರುತ್ತೆ, ಸ್ವಲ್ಪ ಹೊಟ್ಟೆನೂ ಉರಿಯುತ್ತೆ.

ಶಿರಾ ಹುಡುಗಿ ಕೋಟೆ ಕೇಳಿದ್ಲು. ಬಂದಿದ್ದು ಕೆಂಪು ಕಲ್ಲಿನ, ಜರೋಕಾ ಕಿಟಕಿಗಳ ರಾಜಸ್ಥಾನಿ ಕೋಟೆ, ಮುಂದೆ ಎರಡು ಒಂಟೆ. ಸ್ಕ್ರಿಪ್ಟಲ್ಲಿ ಮೊಘಲರ ಹೆಸರಿತ್ತು, ಅದು ಸರಿ. 1687ರ ನಂತರ ಶಿರಾ ಮೊಘಲರ ಒಂದು ಸುಬಾ, ಅಂದ್ರೆ ಪ್ರಾಂತ್ಯದ ಕೇಂದ್ರವಾಗಿತ್ತು. ಆದ್ರೆ ಅದಕ್ಕೂ ಮುಂಚೆ ಕೋಟೆ ಕಟ್ಟೋಕೆ ಕೈಹಾಕಿದ ಕಸ್ತೂರಿ ರಂಗಪ್ಪ ನಾಯಕನ ಹೆಸರು ಒಂದು ಸಲವೂ ಬರಲಿಲ್ಲ.

ಯಾಕೆ ಹೀಗಾಗುತ್ತೆ? ಬರೆಯೋ ಎಐ ಮೂಲದಲ್ಲಿ ಮಾಡೋದು ಅಂದಾಜು. ಇಲ್ಲಿವರೆಗಿನ ಪದಗಳನ್ನ ನೋಡಿ, ಮುಂದಿನ ಪದದ ತುಂಡು ಯಾವುದಿರಬಹುದು ಅಂತ ಲೆಕ್ಕ ಹಾಕ್ತಾ ಹೋಗುತ್ತೆ. ಆ ಅಂದಾಜನ್ನ ಕಲಿತದ್ದು ರಾಶಿ ರಾಶಿ ಬರಹ ಓದಿ, ಅದರಲ್ಲಿ ದೊಡ್ಡ ಪಾಲು ಇಂಟರ್ನೆಟ್ಟಿನದು. ಚಿತ್ರ ಮಾಡೋ ಟೂಲು ಕಲಿತಿರೋದು ಕೋಟ್ಯಂತರ ಫೋಟೋ ಮತ್ತು ಅವುಗಳ ವಿವರಣೆ ಜೋಡಿ ನೋಡಿ. ಹೆಚ್ಚಿನವು ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣ್ತಿದ್ದ ಚುಕ್ಕಿಗಳಂಥದ್ದರಿಂದ ಶುರು ಮಾಡಿ, ಹಂತ ಹಂತವಾಗಿ ಅದನ್ನ ತಿಳಿಯಾಗಿಸಿ ಚಿತ್ರ ತರ್ತವೆ. 'ಇಂಡಿಯಾ, ಕೋಟೆ' ಅಂದಾಗ ಜಾಸ್ತಿ ನೋಡಿರೋದು ಯಾವುದು? ಜೈಪುರ, ಜೋಧಪುರ. ಅದೇ ಬರುತ್ತೆ. ಶಿರಾ ಕೋಟೆಯ ಫೋಟೋ ಎಷ್ಟಿದ್ದಾವು, ನೀವೇ ಹೇಳಿ.

ಭಾಷೆಯದೂ ಇದೇ ಕತೆ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಇರೋರು 4 ಕೋಟಿ 37 ಲಕ್ಷ. ಆದ್ರೆ ಕನ್ನಡ ವಿಕಿಪೀಡಿಯದಲ್ಲಿರೋ ಲೇಖನ 30 ಸಾವಿರ ಚಿಲ್ಲರೆ, ಇಂಗ್ಲಿಷಿನದು 60 ಲಕ್ಷ ದಾಟಿ ಯಾವ ಕಾಲವಾಯ್ತು. ಜನ ಎಷ್ಟಿದ್ದಾರೆ ಅನ್ನೋದು ಎಐಗೆ ಕಾಣಲ್ಲ, ಎಷ್ಟು ಬರೆದಿಟ್ಟಿದ್ದಾರೆ ಅನ್ನೋದು ಮಾತ್ರ ಕಾಣುತ್ತೆ. ಕೊರಟಗೆರೆ ಹುಡುಗ ತನ್ನ ವಿಡಿಯೋಗೆ 'ಸಿದ್ಧರಬೆಟ್ಟ' ಅಂತ ಬೋರ್ಡ್ ಹಾಕಿಸಿದ. ಧ ಒತ್ತಿನ ಜಾಗದಲ್ಲಿ ಜಿಲೇಬಿ ಥರ ಏನೋ ಬಂತು. ಟೂಲಿಗೆ ಅದು ಅಕ್ಷರ ಅಲ್ಲ, ಗೆರೆಗಳ ಚಿತ್ರ. ಒತ್ತಕ್ಷರದ ಚಿತ್ರಗಳನ್ನ ಅದು ಸಾಕಷ್ಟು ನೋಡಿಲ್ಲ.

ಇದೆಲ್ಲ ಕಣ್ಣಿಗೆ ಕಾಣೋ ತಪ್ಪು. ನಕ್ಕು, ಇನ್ನೊಂದು ಸಲ ಪ್ರಾಂಪ್ಟ್ ಕೊಟ್ಟು ಸರಿ ಮಾಡಬಹುದು. ಪಾವಗಡದ ಹುಡುಗಿಯ ಕೇಸ್ ಬೇರೆ. ನಾನು ಈ ಎಪಿಸೋಡ್ ಮಾಡ್ತಿರೋದೇ ಅದಕ್ಕೆ.

ಅವಳು ತಗೊಂಡಿದ್ದು ಸೋಲಾರ್ ಪಾರ್ಕ್. 2018ರಲ್ಲಿ ಶುರುವಾಗಿ 2,050 ಮೆಗಾವ್ಯಾಟ್‌ವರೆಗೆ ಬೆಳೆದದ್ದು. ತಿರುಮಣಿ, ಬಳಸಮುದ್ರ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ. ಸ್ಕ್ರಿಪ್ಟ್ ಚೆನ್ನಾಗೇ ಬಂತು. ಮೆಗಾವ್ಯಾಟ್ ಸರಿ, ಎಕರೆ ಸರಿ. ಜಮೀನನ್ನ ಕೊಂಡುಕೊಳ್ಳದೆ ರೈತರಿಂದ ಲೀಸ್‌ಗೆ ಪಡೆದ್ರು ಅನ್ನೋದೂ ಇತ್ತು. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದು ಎಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ 1 ಲಕ್ಷ 5 ಸಾವಿರ. ಪಾವಗಡದಂಥ ಬರದ ತಾಲ್ಲೂಕಲ್ಲಿ ಇದು ಸಣ್ಣ ದುಡ್ಡಲ್ಲ, ಅದನ್ನ ನಾನೂ ಒಪ್ತೀನಿ. ಸ್ಕ್ರಿಪ್ಟಿನ ಕೊನೇ ಸಾಲು ಬಂಜರು ನೆಲ ಬಂಗಾರವಾಯ್ತು, ರೈತರ ಮುಖದಲ್ಲಿ ನಗು ಅನ್ನೋ ಅರ್ಥದ್ದು. ಚಿತ್ರದಲ್ಲಿ ಮರಳುಗಾಡು, ನೀಲಿ ಪ್ಯಾನಲ್ಲು, ಒಬ್ಬ ಪೇಟ ಕಟ್ಟಿದ ರೈತ.

ವೋಚರ್ ಬರೆಯೋಕೆ ಕೂತಾಗ ಅವಳು 'ಬಂಜರು' ಅನ್ನೋ ಪದದ ಹತ್ರ ನಿಂತುಬಿಟ್ಲು. "ಅಣ್ಣ, ನಮ್ಮಜ್ಜಿ ಅಲ್ಲಿ ಕಡಲೆಕಾಯಿ ಕೀಳೋಕೆ ಹೋಗ್ತಿದ್ರು. ಬಂಜರಾಗಿದ್ರೆ ಏನು ಕೀಳ್ತಿದ್ರು?" ಅಂದ್ಲು.

ಅಜ್ಜಿಗೆ ಜಮೀನಿರಲಿಲ್ಲ. ಬೇರೆಯವರ ಹೊಲದಲ್ಲಿ ಕಳೆ, ಕೊಯ್ಲು, ಕಾಯಿ ಬಿಡಿಸೋದು. ಹೊಲ ಲೀಸ್‌ಗೆ ಹೋದಾಗ ಬಾಡಿಗೆ ಬಂದಿದ್ದು ಪಹಣಿಯಲ್ಲಿ ಹೆಸರಿದ್ದೋರಿಗೆ. ಕೂಲಿ ಮಾಡ್ತಿದ್ದೋರಿಗೆ ಕೂಲಿ ಹೋಯ್ತು, ಬಾಡಿಗೆ ಬರಲಿಲ್ಲ. ಪ್ಯಾನಲ್ ತೊಳೆಯೋದು, ಹುಲ್ಲು ಕೀಳೋದು, ಸೆಕ್ಯೂರಿಟಿ, ಇಂಥ ಕೆಲಸ ಕೆಲವರಿಗೆ ಸಿಕ್ತು, ಎಲ್ಲರಿಗೂ ಸಿಗಲಿಲ್ಲ. ಇದು ಗುಟ್ಟೇನಲ್ಲ, ಪತ್ರಿಕೆಗಳಲ್ಲಿ ವರದಿಗಳು ಬಂದಿವೆ. ಆದ್ರೆ ಸಮಾರಂಭದ ಸುದ್ದಿ, ಸರ್ಕಾರಿ ಪ್ರಕಟಣೆ, ಕಂಪನಿ ಜಾಹೀರಾತಿನ ರಾಶಿ ಮುಂದೆ ಆ ವರದಿಗಳು ಒಂದು ಹಿಡಿ.

ಗಮನಿಸಿ, ಇಲ್ಲಿ ಎಐ ಸುಳ್ಳು ಅಂಕಿ ಹೇಳಲಿಲ್ಲ. ಅಂಕಿಗಳನ್ನಷ್ಟೇ ಚೆಕ್ ಮಾಡೋ ಮೇಷ್ಟ್ರು ಈ ವಿಡಿಯೋಗೆ ಫುಲ್ ಮಾರ್ಕ್ಸ್ ಕೊಡ್ತಿದ್ರು. ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಟೋಟಲ್ ತಾಳೆಯಾಗಿದೆ, ಆದ್ರೆ ಒಂದು ಪೂರ್ತಿ ಖಾತೆಯನ್ನೇ ಪುಸ್ತಕಕ್ಕೆ ಹತ್ತಿಸಿಲ್ಲ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಸಿಗದ ತಪ್ಪು ಅಂತ ನಮಗೆ ಒಂದು ಚಾಪ್ಟರೇ ಇತ್ತು, ಇದು ಆ ಜಾತಿಯದು. ಅದನ್ನ ಹಿಡಿಯೋಕೆ ಆ ಮನೆಯಲ್ಲಿ ಹುಟ್ಟಿದ ಹುಡುಗಿಯೇ ಬೇಕಾಯ್ತು. ಎಐ ಬಳಸಿದ ಪ್ರಾಜೆಕ್ಟ್‌ಗೆ ಮಾರ್ಕ್ಸ್ ಕೊಡೋದಾದ್ರೆ ಈ ಪ್ರಶ್ನೆಗೇ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ವಿಡಿಯೋ ಎಲ್ಲರದ್ದೂ ಒಂದೇ ಥರ ಮಿಂಚುತ್ತೆ, ಅದರಲ್ಲಿ ಅಳೆಯೋಕೆ ಏನಿದೆ?

ಇನ್ನೊಂದು ಕೇಸಲ್ಲಿ ವಾದ ಜೋರಾಯ್ತು. ನಮ್ಮ ಶಿರಾ ಸೀಮೆಯ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ. ಅವನ ಕಥೆಯನ್ನ ಗಣೆ ಊದ್ತಾ ಹಾಡೋ ಪರಂಪರೆ ಇದೆ. ಗಣೆ ಅಂದ್ರೆ ಉದ್ದನೆಯ ಬಿದಿರಿನ ವಾದ್ಯ. ಒಬ್ಬ ಹುಡುಗ ಜುಂಜಪ್ಪನ ಚಿತ್ರ ಕೇಳಿದ. ಬಂದಿದ್ದು ನವಿಲುಗರಿ, ಗಿಡ್ಡ ಕೊಳಲು, ನೀಲಿ ಮೈ: ಶ್ರೀಕೃಷ್ಣ! ಮೂರು ಸಲ ಬೇರೆ ಬೇರೆ ಥರ ಕೇಳಿದ್ರೂ ಗಣೆ ಉದ್ದ ಆಗಲಿಲ್ಲ. ಇದನ್ನ ಹಾಗೇ ರೀಲ್ಸ್‌ಗೆ ಹಾಕಿದ್ರೆ ಲೈಕ್ ಬರುತ್ತೆ. ನಾಳೆ ಇನ್ಯಾವುದೋ ಎಐ ಅದೇ ರೀಲ್ಸ್ ನೋಡಿ ಜುಂಜಪ್ಪ ಹೀಗಿರ್ತಾನೆ ಅಂತ ಕಲಿಯುತ್ತೆ. ಜೈಪುರದ ಕೋಟೆಗೆ ಲಕ್ಷ ಅಸಲಿ ಫೋಟೋಗಳಿವೆ, ಹತ್ತು ನಕಲಿ ಸೇರಿದ್ರೆ ಏನೂ ಆಗಲ್ಲ. ಅಸಲಿಯೇ ಬೆರಳೆಣಿಕೆಯಷ್ಟಿರೋ ಕಡೆ ಹತ್ತು ನಕಲಿ ಸಾಕು.

ಆಮೇಲೆ ಅವನಿಗೆ ಇನ್ನೊಂದು ಐಡಿಯಾ ಬಂತು: ಗಣೆ ಊದೋ ತಾತ ಒಬ್ಬರ ಹಾಡು ಅವನ ಫೋನಲ್ಲಿತ್ತು, ಆ ದನಿಯನ್ನ ಕ್ಲೋನ್ ಮಾಡಿ ವಿಡಿಯೋಗೆ ಹಾಕೋಣ ಅಂತ. ತಾಂತ್ರಿಕವಾಗಿ ಕಷ್ಟವೇ ಇಲ್ಲ. ಶಿರಾ ಹುಡುಗಿ ತಕ್ಷಣ ತಡೆದ್ಲು, "ತಾತನ್ನ ಕೇಳಿದ್ಯಾ?" 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ತನ್ನ ದನಿಯನ್ನ ಎಐ ನಕಲು ಮಾಡೋದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ್ರು. ಅವರ ಹತ್ರ ಲಾಯರ್ ಇದ್ದಾರೆ. ಗಣೆ ತಾತನಿಗೆ ಸ್ಮಾರ್ಟ್‌ಫೋನೂ ಇಲ್ಲ. ಹುಡುಗ ಹೋಗಿ ಕೇಳಿದ. ತಾತ ಎಲ್ಲಾ ಕೇಳಿಸ್ಕೊಂಡು, "ಮಿಷಿನ್ ಯಾಕಪ್ಪಾ, ನಾನಿನ್ನೂ ಬದುಕಿದೀನಲ್ಲ, ಬಾ ಹಾಡ್ತೀನಿ" ಅಂದ್ರಂತೆ. ಹಾಡಿಸಿ ರೆಕಾರ್ಡ್ ಮಾಡ್ಕೊಂಡು ಬಂದ. ವಿಡಿಯೋದಲ್ಲಿ ಈಗ ಇರೋದು ಅದೇ.

ಹಾಗಂತ ಇವರ್ಯಾರೂ ಎಐ ಬಿಟ್ಟಿಲ್ಲ, ಬಿಡಿ ಅಂತ ನಾನೂ ಹೇಳಲ್ಲ. 2025ರಲ್ಲಿ 'ಲವ್ ಯು' ಅನ್ನೋ ಕನ್ನಡ ಸಿನಿಮಾ ಬಂತು, ಪೂರ್ತಿ ಎಐನಲ್ಲೇ ಮಾಡಿದ್ದು, ಖರ್ಚು ಸುಮಾರು 10 ಲಕ್ಷ ಅಂತ ಸುದ್ದಿಯಾಯ್ತು. ಕ್ಯಾಮೆರಾ ಬಾಡಿಗೆಗೂ ದುಡ್ಡಿಲ್ಲದ ಹಳ್ಳಿ ಹುಡುಗರಿಗೆ ಈ ಲೆಕ್ಕ ಆಸೆ ಹುಟ್ಟಿಸುತ್ತೆ, ಹುಟ್ಟಿಸಲೇಬೇಕು. ನಮ್ಮ ಮಾತನ್ನ ಮಿಷಿನ್ನಿಗೆ ಕಲಿಸೋ ಕೆಲಸವೂ ನಡೀತಿದೆ. ಬೆಂಗಳೂರಿನ ಐಐಎಸ್‌ಸಿ ಗೂಗಲ್ ಜೊತೆ ಸೇರಿ ನಡೆಸ್ತಿರೋ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನ ರೆಕಾರ್ಡ್ ಮಾಡಿ, ಯಾರು ಬೇಕಾದ್ರೂ ಬಳಸೋ ಹಾಗೆ ಇಡ್ತಿದೆ.

ಪಾವಗಡದ ಹುಡುಗಿ ತನ್ನ ವಿಡಿಯೋನ ಮತ್ತೆ ಮಾಡಿದ್ಲು. ಮೊದಲ ಎರಡು ನಿಮಿಷ ಎಐನದೇ, 'ಬಂಜರು' ತೆಗೆದು 'ಮಳೆಯಾಶ್ರಿತ' ಅಂತ ತಿದ್ದಿದ್ದಾಳೆ. ಕೊನೆಗೆ ನಲವತ್ತು ಸೆಕೆಂಡ್ ಸೇರಿಸಿದ್ದಾಳೆ. ಸ್ಕ್ರೀನ್ ಪೂರ್ತಿ ಕಪ್ಪು, ಅಜ್ಜಿಯ ದನಿ ಮಾತ್ರ. ಪಾವಗಡದ ಕಡೆ ಮಾತು ಹೇಗಿರುತ್ತೆ ಗೊತ್ತಲ್ಲ, ಅರ್ಧ ಕನ್ನಡ ಅರ್ಧ ತೆಲುಗು. ಆ್ಯಪಿನ ಆಟೋ ಕ್ಯಾಪ್ಷನ್‌ಗೆ ಒಂದು ಸಾಲೂ ನೆಟ್ಟಗೆ ಬರೆಯೋಕಾಗಲಿಲ್ಲ. ಕ್ಯಾಪ್ಷನ್ ಅವಳೇ ಟೈಪ್ ಮಾಡಿದ್ಲು, ಎರಡು ರಾತ್ರಿ ಹಿಡೀತು. ಅಜ್ಜಿ ಒಪ್ಪಿಗೆ ಕೊಟ್ಟಿದ್ದಾರೆ, ಆ ಆಡಿಯೋ ಈಗ ಹಾಕ್ತೀನಿ. ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ಹಿಂದೆ ಗಾಳಿ ಸದ್ದಿದೆ.