ಕಿರ್ದಿಯಿಂದ ಕ್ಲೌಡ್‌ಗೆ

ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ಒಂದೇ ತಂತ್ರಾಂಶದೊಳಗೆ ತರುವ, 2,516 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಅನುಷ್ಠಾನದ ಹೊಣೆ ನಬಾರ್ಡ್‌ನದು. ತಂತ್ರಾಂಶ ಇರುವುದು ಕ್ಲೌಡ್‌ನಲ್ಲಿ. ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಿತ್ತನೆಗೆ ಮುನ್ನ ರೈತರು ಬೆಳೆಸಾಲಕ್ಕಾಗಿ ನಿಲ್ಲುವ ಬಾಗಿಲೂ ಇಂಥ ಸಂಘಗಳದೇ. ಹಳ್ಳಿಯ ಸಂಘಕ್ಕೆ ಹಣ ಬರುವುದು ರಾಯಚೂರಿನ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ, ಆ ಬ್ಯಾಂಕಿಗೆ ಬೆನ್ನಾಗಿರುವುದು ಬೆಂಗಳೂರಿನ ಅಪೆಕ್ಸ್ ಬ್ಯಾಂಕು. ಹೀಗೆ ಮೂರು ಹಂತಗಳಲ್ಲಿ ಹರಿಯುವ ಸಾಲದ ಲೆಕ್ಕವು ಕಿರ್ದಿ, ಖತಾವಣಿ, ಷೇರು ಲೆಡ್ಜರುಗಳಲ್ಲೋ ಕಚೇರಿಯ ಒಂಟಿ ಕಂಪ್ಯೂಟರಿನ ಹಳೆಯ ಪ್ರೋಗ್ರಾಮಿನಲ್ಲೋ ದಶಕಗಳ ಕಾಲ ಬೆಳೆದು ಬಂದದ್ದು. ಅದನ್ನು ಕ್ಲೌಡ್‌ಗೆ ಸಾಗಿಸುವ ಕೆಲಸವನ್ನು ತಂತ್ರಜ್ಞರು ಮೈಗ್ರೇಶನ್ ಎನ್ನುತ್ತಾರೆ.

ಕ್ಲೌಡ್ ಎಂಬುದು ಸಾವಿರಾರು ಸರ್ವರ್‌ಗಳನ್ನು, ಅಂದರೆ ಹಗಲಿರುಳು ನಡೆಯುವ ಶಕ್ತಿಶಾಲಿ ಕಂಪ್ಯೂಟರುಗಳನ್ನು, ಸಾಲುಸಾಲಾಗಿ ಜೋಡಿಸಿಟ್ಟ ದೊಡ್ಡ ಕಟ್ಟಡಗಳ ಜಾಲ. ಒಂದು ಭೌತಿಕ ಸರ್ವರನ್ನು ತಂತ್ರಾಂಶದ ಮೂಲಕ ಹಲವು ಸ್ವತಂತ್ರ ಕಂಪ್ಯೂಟರುಗಳಂತೆ ವಿಭಜಿಸುವ ವರ್ಚುವಲೈಸೇಶನ್ ಎಂಬ ವಿಧಾನ ಇದರ ತಿರುಳು. ಅದರಿಂದಾಗಿ ಒಬ್ಬ ಗ್ರಾಹಕ ಬಳಸದ ಸಾಮರ್ಥ್ಯ ಮತ್ತೊಬ್ಬನಿಗೆ ದೊರೆಯುತ್ತದೆ, ಬಳಸಿದಷ್ಟಕ್ಕೇ ಬಾಡಿಗೆ ತೆತ್ತರೆ ಸಾಕಾಗುತ್ತದೆ ಮತ್ತು ಮಾಹಿತಿಯ ಪ್ರತಿಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇಡಲಾಗುವುದರಿಂದ ಒಂದು ಕಡೆ ಯಂತ್ರ ಕೆಟ್ಟರೂ ಲೆಕ್ಕ ಅಳಿಯುವುದಿಲ್ಲ. ರಾಯಚೂರಿಗೆ ಹತ್ತಿರದ ಮಹಾನಗರವಾದ ಹೈದರಾಬಾದಿನಲ್ಲೇ ಅಮೆಜಾನ್ ಕಂಪನಿ 2022ರ ನವೆಂಬರಿನಲ್ಲಿ ತನ್ನ ಕ್ಲೌಡ್ ಕೇಂದ್ರಗಳ ಸಮೂಹವನ್ನು ತೆರೆಯಿತು. ಆದರೆ ಇಂಟರ್‌ನೆಟ್ ಸಂಪರ್ಕ ಕಡಿದ ಗಳಿಗೆಯಲ್ಲಿ ಸಂಘದ ಕೌಂಟರ್ ಸ್ತಬ್ಧವಾಗುವುದು ಕ್ಲೌಡ್ ವ್ಯವಸ್ಥೆಯ ಸಹಜ ದೌರ್ಬಲ್ಯ. ಹಳ್ಳಿಯ ಕಚೇರಿಗೆ ಅದು ಸಣ್ಣ ದೌರ್ಬಲ್ಯವೇನಲ್ಲ.

ಹಳೆಯ ತಂತ್ರಾಂಶವನ್ನು ಸಾಗಿಸಲು ಹಲವು ದಾರಿಗಳಿವೆ. ಇದ್ದುದನ್ನು ಇದ್ದಂತೆಯೇ ಎತ್ತಿ ಹೊಸ ಸರ್ವರಿನಲ್ಲಿ ಕೂರಿಸಬಹುದು, ಡೇಟಾಬೇಸ್‌ನಂಥ ಕೆಲವು ಭಾಗಗಳನ್ನಷ್ಟೇ ಬದಲಿಸಬಹುದು, ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆಯಬಹುದು, ಇಲ್ಲವೆ ಅದನ್ನು ಕೈಬಿಟ್ಟು ಸಿದ್ಧ ತಂತ್ರಾಂಶವೊಂದನ್ನು ಅಳವಡಿಸಿಕೊಳ್ಳಬಹುದು. ಸಹಕಾರ ಸಂಘಗಳದು ಕೊನೆಯ ದಾರಿ. ತಂತ್ರಾಂಶ ಎಲ್ಲರಿಗೂ ಒಂದೇ ಆಗಿರುವುದರಿಂದ ಪ್ರೋಗ್ರಾಮ್ ಬರೆಯುವ ಕೆಲಸ ಒಂದೆಡೆ ಮುಗಿಯುತ್ತದೆ, ಆದರೆ ಪ್ರತಿ ಸಂಘದ ಹಳೆಯ ಮಾಹಿತಿಯನ್ನು ಆಯಾ ಸಂಘದಲ್ಲೇ ಕುಳಿತು ಬಿಡಿಸಬೇಕಾಗುತ್ತದೆ. ಕಷ್ಟವೆಲ್ಲ ಇರುವುದು ಈ ಬಿಡಿಸುವಿಕೆಯಲ್ಲಿ.

ಜಮೀನಿನ ವಿಸ್ತೀರ್ಣವನ್ನೇ ತೆಗೆದುಕೊಳ್ಳಬಹುದು. ಎರಡು ಎಕರೆ ಹತ್ತು ಗುಂಟೆಯನ್ನು ಹಳೆಯ ದಾಖಲೆಗಳಲ್ಲಿ ಎರಡು, ಒಂದು ಚುಕ್ಕೆ ಅಥವಾ ಅಡ್ಡಗೆರೆ, ಆಮೇಲೆ ಹತ್ತು ಎಂದು ಬರೆಯುವ ರೂಢಿಯಿದೆ. ಎಕರೆಗೆ 40 ಗುಂಟೆಯಾದ್ದರಿಂದ ಅದರ ನಿಜವಾದ ಬೆಲೆ 2.25 ಎಕರೆ. ಈ ರೂಢಿಯ ಅರಿವಿಲ್ಲದ ಪ್ರೋಗ್ರಾಮರ್ ಆ ಅಂಕಿಯನ್ನು ದಶಮಾಂಶವೆಂದು ಓದಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು 2.10 ಎಕರೆಯಾಗಿ, ಆರು ಗುಂಟೆ ಸದ್ದಿಲ್ಲದೆ ಕರಗಿಹೋಗುತ್ತದೆ. ಬೆಳೆಸಾಲದ ಮಿತಿ ಎಕರೆಯ ಲೆಕ್ಕದಲ್ಲಿ ನಿಗದಿಯಾಗುವುದರಿಂದ ಆ ಆರು ಗುಂಟೆ ರೈತನ ಕೈಗೆ ಬರುವ ಹಣವನ್ನೇ ಕಡಿಮೆ ಮಾಡುತ್ತದೆ. ಯಂತ್ರ ಇಲ್ಲಿ ಯಾವ ದೋಷವನ್ನೂ ಎತ್ತಿ ತೋರಿಸುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಎರಡೂ ಸರಿಯಾದ ಸಂಖ್ಯೆಗಳೇ.

ಹೆಸರುಗಳದು ಇನ್ನೊಂದು ಬಗೆಯ ತೊಡಕು. ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕನ್ನಡ ತಂತ್ರಾಂಶಗಳಲ್ಲಿ ಬಹುಪಾಲು, ಅಕ್ಷರಗಳ ಬದಲು ಅಕ್ಷರಗಳ ಆಕಾರದ ತುಣುಕುಗಳನ್ನು, ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ, ಕಣ್ಣಿಗೆ ಕಾಣುವ ಅನುಕ್ರಮದಲ್ಲೇ ಸಂಗ್ರಹಿಸುತ್ತಿದ್ದವು. ದೇವದುರ್ಗ ಎಂದು ಬರೆದಾಗ ಅರ್ಕಾವೊತ್ತು ಕಾಣುವುದು ಗಕಾರದ ನಂತರ. ಹಳೆಯ ಕಡತದಲ್ಲಿ ಅದು ಗಕಾರದ ನಂತರವೇ ಕುಳಿತಿರುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ಅದರಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಈ ಸ್ಥಾನಪಲ್ಲಟವನ್ನು ಅರಿಯದ ಪರಿವರ್ತಕ ಪ್ರೋಗ್ರಾಮು ತಾಲ್ಲೂಕಿನ ಹೆಸರನ್ನೇ ಅಂಗಹೀನಗೊಳಿಸಿ, ಆ ತಾಲ್ಲೂಕಿನ ಖಾತೆಗಳು ಹುಡುಕಿದರೂ ಸಿಗದಂತೆ ಮಾಡಬಲ್ಲುದು. ಪಕ್ಕದ ತಾಲ್ಲೂಕಿನಲ್ಲಿ ಸಮಸ್ಯೆ ಕಾಗುಣಿತದ್ದು: ಮಾನ್ವಿ, ಮಾನವಿ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ, ಓದುವವರಿಗೆ ಒಂದೇ ಊರಾದದ್ದು ಡೇಟಾಬೇಸ್‌ಗೆ ಎರಡು ಊರು. ಅದೇ ಮಾನ್ವಿಯಿಂದ ಸಿರವಾರ ಬೇರ್ಪಟ್ಟು ಹೊಸ ತಾಲ್ಲೂಕಾದುದರಿಂದ, ಹಳೆಯ ಸಾಲಪತ್ರದಲ್ಲಿ ಮಾನ್ವಿ ಎಂದಿರುವ ಎಷ್ಟೋ ಹಳ್ಳಿಗಳು ಇಂದಿನ ಸಂಕೇತಪಟ್ಟಿಯಲ್ಲಿ ಬೇರೆಡೆ ಇವೆ. 1956ರವರೆಗೆ ಹೈದರಾಬಾದ್ ಸಂಸ್ಥಾನದ ಆಡಳಿತ ಪರಂಪರೆಯಲ್ಲಿದ್ದ ಈ ಭಾಗದ ಜಮೀನಿನ ಹಳೆಯ ಕಾಗದಗಳನ್ನು ಉರ್ದುವಿನಲ್ಲಿ, ಫಸಲಿ ವರ್ಷದ ಎಣಿಕೆಯಲ್ಲಿ ಬರೆಯಲಾಗಿದೆ. ಫಸಲಿಗೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂಬುದನ್ನು ಹೊಸ ತಂತ್ರಾಂಶಕ್ಕೆ ಯಾರಾದರೂ ಕಲಿಸಲೇಬೇಕು.

ಯಾರು ಕಲಿಸಬೇಕು ಎಂಬ ಪ್ರಶ್ನೆಯಿಂದಲೇ ತಂಡದ ರಚನೆ ಆರಂಭವಾಗುತ್ತದೆ. ಕ್ಲೌಡ್ ವಾಸ್ತುಶಿಲ್ಪಿ, ಡೇಟಾಬೇಸ್ ಪರಿಣತ, ಭದ್ರತೆಯ ತಜ್ಞ, ಪರೀಕ್ಷಕ ಇವರೆಲ್ಲ ಅಗತ್ಯವೇ, ಮತ್ತು ಸಂಬಳ ಕೊಟ್ಟರೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸಿಗುವವರೇ. ಆದರೆ ಒಂದು ಹಳೆಯ ಬಾಕಿಯ ಮುಂದೆ ಪೆನ್ಸಿಲಿನಲ್ಲಿ ಹಾಕಿದ ಗುರುತು ಏನನ್ನು ಸೂಚಿಸುತ್ತದೆ, ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಬಂದ ಷೇರು ಯಾವುದು, ಜಿಲ್ಲಾ ಬ್ಯಾಂಕಿಗೆ ಸಂಘ ತೆರಬೇಕಾದ ಅಸಲಿಗೂ ಸದಸ್ಯರಿಂದ ಸಂಘಕ್ಕೆ ಬರಬೇಕಾದ ಅಸಲಿಗೂ ನಡುವೆ ಅಂತರ ಬಿದ್ದದ್ದು ಯಾವ ವರ್ಷ ಎಂಬುದನ್ನು ಬಲ್ಲವರು ಸಂಘದ ಕಾರ್ಯದರ್ಶಿ, ಗುಮಾಸ್ತ ಮತ್ತು ಲೆಕ್ಕ ಪರಿಶೋಧಕರು ಮಾತ್ರ. ಇವರ ಜ್ಞಾನ ಎಲ್ಲಿಯೂ ಬರವಣಿಗೆಯಲ್ಲಿಲ್ಲ, ಮತ್ತು ಇವರಲ್ಲಿ ಹಿರಿಯರು ನಿವೃತ್ತರಾಗುತ್ತಲೇ ಇದ್ದಾರೆ. ಮೈಗ್ರೇಶನ್ ತಂಡದಲ್ಲಿ ಅತ್ಯಂತ ದುರ್ಲಭ ಕುಶಲಿ ಯಾರೆಂದರೆ, ನೆಟ್ಟಗೆ ಹೇಳಬೇಕಾದರೆ, ಈ ಕಾರ್ಯದರ್ಶಿಯೇ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. ಭೂದಾಖಲೆಗಳನ್ನು ಕಂಪ್ಯೂಟರೀಕರಿಸುವ ಮೊದಲ ಪ್ರಯೋಗ 1991ರಲ್ಲಿ ಆಗ ರಾಯಚೂರಿನ ನೆರೆಯಲ್ಲಿದ್ದ ಕಲಬುರಗಿ ಜಿಲ್ಲೆಯಲ್ಲೇ ಆರಂಭವಾಯಿತು. ಆಸ್ತಿ ಕೈಬದಲಾದಾಗ ದಾಖಲೆಯನ್ನು ತಿದ್ದುವ ಕೆಲಸ ನಡೆಯುವುದು ತಾಲ್ಲೂಕಿನಲ್ಲಾದರೂ ಆ ಹಂತದ ಯೋಜನೆಗಳಲ್ಲಿ ತಾಲ್ಲೂಕು ಮಟ್ಟಕ್ಕೆ ಕಂಪ್ಯೂಟರು ಒದಗಿಸುವ ವ್ಯವಸ್ಥೆಯೇ ಇರಲಿಲ್ಲ, ಹೀಗಾಗಿ ತುಂಬಿಸಿದ ಮಾಹಿತಿ ಬಹುಬೇಗ ಹಳತಾಯಿತು. ದಶಕದ ನಂತರ ಬಂದ ಭೂಮಿ ಯೋಜನೆ ಈ ತಪ್ಪನ್ನು ತಿದ್ದಿಕೊಂಡಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರು ತಂತ್ರಾಂಶವನ್ನು ರೂಪಿಸಿದರು, ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರಿಗೆ ತುಂಬಿಸಲಾಯಿತು, ಅವುಗಳ ಮುದ್ರಿತ ಪ್ರತಿಗಳನ್ನು ಮೂಲದೊಂದಿಗೆ ತಾಳೆ ನೋಡಿದವರು ಗ್ರಾಮ ಲೆಕ್ಕಿಗರು, ಮತ್ತು ಕೌಂಟರುಗಳನ್ನು ನಡೆಸಲು ತರಬೇತಿ ಪಡೆದವರೂ ಅವರಲ್ಲೇ ಕೆಲವರು. ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು. ಆಗ ಐದೇ ತಾಲ್ಲೂಕುಗಳಿದ್ದ ರಾಯಚೂರು ಜಿಲ್ಲೆಯೂ ಸೇರಿದಂತೆ ರಾಜ್ಯದಾದ್ಯಂತ ಹದಿನೈದು ರೂಪಾಯಿಗೆ ಪಹಣಿ ಸಿಗತೊಡಗಿದ್ದರ ಹಿಂದೆ ಕಂದಾಯ ಬಲ್ಲವರನ್ನೂ ಕಂಪ್ಯೂಟರ್ ಬಲ್ಲವರನ್ನೂ ಒಂದೇ ಮೇಜಿಗೆ ಕರೆತಂದ ಈ ಜೋಡಣೆಯಿತ್ತು. 2018ರಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾದಾಗ ಸಂಘಗಳ ಸಾಲದ ವಿವರವನ್ನು ಆಧಾರ್, ಪಡಿತರ ಚೀಟಿ ಮತ್ತು ಪಹಣಿಗಳೊಂದಿಗೆ ಹೋಲಿಸಲು ಸಾಧ್ಯವಾದದ್ದೂ ಆ ಬುನಾದಿಯಿಂದಲೇ.

ಅವಸರದ ಫಲ ಏನೆಂಬುದಕ್ಕೆ ದೊಡ್ಡ ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು; ಮಾಹಿತಿಯೇನೋ ಸುರಕ್ಷಿತವಾಗಿ ದಾಟಿತು, ಆದರೆ ಹೊಸ ವ್ಯವಸ್ಥೆ ಭಾರ ತಾಳದೆ ಲಕ್ಷಾಂತರ ಜನ ತಮ್ಮದೇ ಹಣವನ್ನು ಮುಟ್ಟಲಾಗದೆ ಉಳಿದರು. 2022ರ ಡಿಸೆಂಬರಿನಲ್ಲಿ ನಿಯಂತ್ರಕ ಸಂಸ್ಥೆಗಳು ಆ ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ವಿಧಿಸಿದವು.

ಇಂಥ ಅಪಾಯವನ್ನು ತಗ್ಗಿಸಲು ಕೆಲವು ಕಾಲ ಹಳೆಯ ಪುಸ್ತಕವನ್ನೂ ಹೊಸ ತಂತ್ರಾಂಶವನ್ನೂ ಜೊತೆಜೊತೆಗೆ ನಡೆಸಿ, ಪ್ರತಿದಿನದ ಕೊನೆಗೆ ಎರಡರ ಮೊತ್ತವನ್ನು ತಾಳೆ ಹಾಕುವುದು ವಾಡಿಕೆ. ಸಾಗಣೆಗೆ ಮಾರ್ಚ್ 31 ಅನುಕೂಲಕರ ದಿನ, ಏಕೆಂದರೆ ಅಂದಿನ ಅಢಾವೆ ಪತ್ರಿಕೆ ಪರಿಶೋಧನೆಗೆ ಒಳಗಾಗುತ್ತದೆ. ಆದರೆ ಸಾಲ ವಸೂಲಿಯ ಒತ್ತಡವೂ ಅದೇ ದಿನಗಳಲ್ಲಿ ಇರುವುದರಿಂದ, ಇಬ್ಬರೇ ನೌಕರರಿರುವ ಸಂಘದ ಮೇಲೆ ಎರಡು ಬಗೆಯ ಲೆಕ್ಕ ಬರೆಯುವ ಹೊರೆ ಹೊರಿಸುವುದು ನ್ಯಾಯವಲ್ಲ. ಆ ಅವಧಿಗೆ ಹೆಚ್ಚುವರಿ ಕೈಗಳು ಬೇಕು, ಮತ್ತು ಅವು ಹೊರಗಿನಿಂದಲೇ ಬರಬೇಕೆಂದಿಲ್ಲ. 2019ರಲ್ಲಿ ಸ್ಥಾಪನೆಯಾದ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳಿಗೆ ದತ್ತಾಂಶ ಶುದ್ಧೀಕರಣವನ್ನು ಕಲಿಯಲು ಮಾನ್ವಿ, ದೇವದುರ್ಗಗಳ ಲೆಡ್ಜರುಗಳಿಗಿಂತ ಉತ್ತಮ ಪಠ್ಯ ಸಿಗಲಾರದು. ನಿವೃತ್ತ ಕಾರ್ಯದರ್ಶಿಗಳನ್ನು ಗೌರವಧನ ಕೊಟ್ಟು ಆ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂರಿಸಿದರೆ ತಂಡ ಮುಕ್ಕಾಲು ಪಾಲು ಸಿದ್ಧವಾದಂತೆಯೇ.

ಉಳಿದ ಕಾಲು ಪಾಲು ಸದಸ್ಯರದು. ಸಂಘದ ಲೆಕ್ಕ ಹೊಸ ತಂತ್ರಾಂಶಕ್ಕೆ ಹೋದ ಕೂಡಲೇ ತಮ್ಮ ಖಾತೆಯ ಮುದ್ರಿತ ಪ್ರತಿಯನ್ನು ಕೇಳಿ ಪಡೆದು, ಹೆಸರಿನ ಕಾಗುಣಿತ, ಸರ್ವೆ ನಂಬರು, ಎಕರೆ-ಗುಂಟೆ, ಷೇರು ಹಣ ಮತ್ತು ಬಾಕಿಯನ್ನು ತಮ್ಮ ಬಳಿಯ ಪಾಸ್‌ಬುಕ್ಕು, ಪಹಣಿಗಳೊಂದಿಗೆ ಪ್ರತಿಯೊಬ್ಬ ರೈತರೂ ತಾಳೆ ನೋಡಿಕೊಳ್ಳಬೇಕು. ಹಳೆಯ ಲೆಡ್ಜರು ಇನ್ನೂ ಮೇಜಿನ ಮೇಲಿರುವಾಗಲೇ ತಪ್ಪನ್ನು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.