ಚಿಕಿತ್ಸೆಯ ನಂತರ ಕೈ ಕಟ್ಟಿ ಕೂರಬಾರದು



ಹುಬ್ಬಳ್ಳಿ ನವನಗರದಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಊರುಗಳಿಗೆ ಮರಳುವ ಹೆಣ್ಣುಮಕ್ಕಳಿಗೆ ಮನೆಯವರು ಹೇಳುವುದು ಒಂದೇ ಮಾತು: “ನೀ ಏನೂ ಎತ್ತಬ್ಯಾಡವ್ವಾ, ಸುಮ್ನ ಕೂಡು.” ಮಾತಿನಲ್ಲಿ ಪ್ರೀತಿಯಿದೆ. ಆದರೆ ತಿಂಗಳುಗಟ್ಟಲೆ ಹಾಗೆ ಕೂತರೆ ಭುಜ ಬಿಗಿಯುತ್ತದೆ, ಶಕ್ತಿ ಕುಂದುತ್ತದೆ.

ಈ ಅಂಜಿಕೆಗೆ ಕಾರಣವುಂಟು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ, ಹೂಳು ತುಂಬಿದ ಕಾಲುವೆಯಲ್ಲಿ ನೀರು ನಿಲ್ಲುವಂತೆ ಕೈಯಲ್ಲಿ ದ್ರವ ನಿಂತು ಬಾವು ಬರಬಹುದು. ಹಿಂದೆ ವೈದ್ಯರೂ ಭಾರ ಎತ್ತಬೇಡಿ ಎನ್ನುತ್ತಿದ್ದರು. 2009ರಲ್ಲಿ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಕೈಬಾವು ಇದ್ದ 141 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ತೋಳಿಗೆ ಬಿಗಿಯಾದ ವಿಶೇಷ ಉಡುಪು ತೊಟ್ಟು, ಹಗುರದಿಂದ ಆರಂಭಿಸಿ, ವಾರಕ್ಕೆರಡು ಸಲ ಕ್ರಮವಾಗಿ ಭಾರ ಎತ್ತಿದವರಲ್ಲಿ ಬಾವು ಉಲ್ಬಣಿಸಿದ್ದು ಎತ್ತದವರಿಗಿಂತ ಕಡಿಮೆ. ತೋಳಿನ ಬಲವೂ ಹೆಚ್ಚಿತು.

ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲೇರಿಸಿದರೆ ಭುಜ ಸಡಿಲವಾಗುತ್ತದೆ. ನಡಿಗೆಯನ್ನು ದಿನಕ್ಕೆ 10 ನಿಮಿಷದಿಂದ ಆರಂಭಿಸಿ, ವಾರಕ್ಕೆ 150 ನಿಮಿಷಕ್ಕೆ ತರಬೇಕು. ತುಂಬಿದ ಕೊಡ, ಅಡಿಕೆ ಗೊನೆ ಒಮ್ಮೆಲೇ ಬೇಡ. ನೀರಿನ ತಂಬಿಗೆಯಿಂದ ಶುರುವಾಗಲಿ. ತೋಟದ ಕೆಲಸಕ್ಕೆ ಕೈಗವಸು ಇರಲಿ. ಮುಳ್ಳು ತರಚಿದರೆ ಕೂಡಲೇ ಸೋಪಿನಿಂದ ತೊಳೆಯಬೇಕು. ಬಳೆ ಬಿಗಿಯಾದರೆ, ಕೈ ಭಾರವೆನಿಸಿದರೆ, ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ಮನೆಯ ಗಂಡಸರಿಗೊಂದು ಮಾತು. ಕೂಡು ಎನ್ನುವ ಬದಲು, ಸಂಜೆ ತೋಟಕ್ಕೆ ಹೊರಟಾಗ ಅವರನ್ನೂ ಕರೆದುಕೊಂಡು ಹೋಗಿ.